ಗಿರಾಕಿ ಇರುವ ಕಡೆ ನಾವು ಹೋಗಬೇಕು
(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಕಾರ್ಯಕರ್ತೆಯೊಬ್ಬರು ಮಾಡಿದ ಭಾಷಣ)



ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ, ಮಕ್ಕಳನ್ನು ಶಾಲೆಗೆ ಕಳಿಸಿ, ಬಸ್ಸು ಹಿಡಿದು ಬಂದಿದ್ದೀರಿ. ಅದಕ್ಕೇ ಇವತ್ತು ದೊಡ್ಡ ದೊಡ್ಡ ಮಾತು ಬೇಡ. ಉಳಿತಾಯ ಮಾಡುವುದು, ಪುಸ್ತಕ ಬರೆಯುವುದು, ಸಾಲ ಕಟ್ಟುವುದು ನಮ್ಮ ಸಂಘಗಳಿಗೆ ಚೆನ್ನಾಗಿ ಗೊತ್ತು. ಆದರೆ ಮಾಡಿದ ಪದಾರ್ಥ ಮಾರಬೇಕು ಅಂದ ಕೂಡಲೇ ಒಬ್ಬರ ಮುಖ ಒಬ್ಬರು ನೋಡ್ತೀವಿ. ಹೌದೋ ಅಲ್ಲವೋ? ಇವತ್ತು ಆ ವಿಷಯವನ್ನೇ ಮಾತಾಡೋಣ.

ಮೊದಲು ಚನ್ನಪಟ್ಟಣದ ಕಥೆ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೇ ರಸ್ತೆ ನಮ್ಮ ಊರುಗಳ ನಡುವೆಯೇ ಹಾದು ಹೋಗುತ್ತಿತ್ತು. ಕಾರಿನವರು ನಿಲ್ಲಿಸುತ್ತಿದ್ದರು, ಮಗುವಿಗೆ ಒಂದು ಬೊಂಬೆ, ಒಂದು ಬುಗುರಿ ತಗೋತಿದ್ದರು. ಅಂಗಡಿಯವರು ಗಿರಾಕಿಯನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ, ರಸ್ತೆಯೇ ತಂದು ಕೊಡುತ್ತಿತ್ತು. 2023ರ ಮಾರ್ಚ್‌ನಲ್ಲಿ ಹೊಸ ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾಯಿತು. ಅದು ರಾಮನಗರ, ಚನ್ನಪಟ್ಟಣ ಎರಡನ್ನೂ ಹೊರಗಿನಿಂದಲೇ ಸುತ್ತಿಕೊಂಡು ಹೋಗುತ್ತದೆ. ಪ್ರಯಾಣಿಕರಿಗೆ ಹೊತ್ತು ಉಳಿಯಿತು, ನಿಜ. ಆದರೆ ಹಳೇ ರಸ್ತೆಯ ಬೊಂಬೆ ಅಂಗಡಿ, ಹೋಟೆಲು, ಎಳನೀರಿನವರ ವ್ಯಾಪಾರ ಬಿದ್ದುಹೋಯಿತು. ಬೊಂಬೆ ಕೆಟ್ಟಿರಲಿಲ್ಲ, ಬೆಲೆ ಏರಿರಲಿಲ್ಲ. ಗಿರಾಕಿ ಬೇರೆ ದಾರಿ ಹಿಡಿದ, ಅಷ್ಟೇ.

ಇದರಿಂದ ನಮಗೆ ಮೊದಲನೇ ಪಾಠ. ನನ್ನ ಪದಾರ್ಥ ಚೆನ್ನಾಗಿದೆ ಅನ್ನೋದು ಒಂದೇ ಸಾಲದು. ಕೊಳ್ಳುವವರು ಯಾರು, ಅವರು ಯಾವ ದಾರಿಯಲ್ಲಿ ಓಡಾಡುತ್ತಾರೆ, ಇದು ಗೊತ್ತಿರಬೇಕು. ಬಾಗಿಲಿಗೆ ಬರುವ ಗಿರಾಕಿಯನ್ನೇ ನಂಬಿಕೊಂಡರೆ, ಅವರು ಬಾರದ ದಿನ ಒಲೆ ಹಚ್ಚುವುದು ಕಷ್ಟ.

ಹಾಗಂತ ಬೊಂಬೆ ಕಸುಬಿಗೆ ಕಷ್ಟ ಬಂದದ್ದು ಇದೇ ಮೊದಲಲ್ಲ. ಟಿಪ್ಪು ಸುಲ್ತಾನನ ಕಾಲದಿಂದ ಈ ಕೆಲಸ ಇದೆ ಅಂತ ಹಿರಿಯರು ಹೇಳುತ್ತಾರೆ. ಆಲೆ ಮರವನ್ನು ಕಡೆದು, ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಕಾವಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಆಮೇಲೆ ಗರಿಯಿಂದ ಉಜ್ಜಿ ಹೊಳಪು ಕೊಡುತ್ತಾರೆ. ಜಪಾನಿನ ಬೊಂಬೆ ಮಾಡುವ ರೀತಿಯನ್ನು ತಿಳಿದುಕೊಂಡು ಇಲ್ಲಿಯವರಿಗೆ ಕಲಿಸಿದವರು ಬಾವಾಸ್ ಮಿಯಾ ಎಂದು ಈಗಲೂ ನೆನೆಯುತ್ತಾರೆ. ಅಂದರೆ, ಹಳೇ ಕಸುಬು ಉಳಿದದ್ದು ಹೊಸದನ್ನು ಕಲಿತಿದ್ದರಿಂದ.

ಆಮೇಲೆ ಚೀನಾದ ಪ್ಲಾಸ್ಟಿಕ್ ಆಟಿಕೆ ಬಂತು. ಬೆಲೆಯಲ್ಲಿ ಅದರ ಜೊತೆ ಪೈಪೋಟಿ ಮಾಡೋಕೆ ಆಗುವುದಿಲ್ಲ. ಎಷ್ಟೋ ಮಂದಿ ಲೇತ್ ನಿಲ್ಲಿಸಿ ಬೇರೆ ಕೂಲಿಗೆ ಹೋದರು. ಆದರೆ ಉಳಿದವರು ಏನು ಮಾಡಿದರು? ‘ನಮ್ಮದು ಮರ, ನಮ್ಮದು ಅರಗು, ಅರಿಶಿನದಂಥ ಗಿಡದ ಬಣ್ಣ, ಮಗು ಬಾಯಿಗೆ ಹಾಕಿಕೊಂಡರೂ ಹೆದರಬೇಕಿಲ್ಲ’ ಅನ್ನುವುದನ್ನು ಮುಂದೆ ಮಾಡಿದರು. ಬೊಂಬೆಯ ಜೊತೆಗೆ ಬಳೆ, ಸರದ ಮಣಿ, ಕರ್ಟನ್ ಉಂಗುರ, ಅಬ್ಯಾಕಸ್, ಕೀ ಚೈನು ಮಾಡಿದರು. ಅದೇ ಕೈ, ಅದೇ ಮರ, ಅದೇ ಲೇತ್. ಪದಾರ್ಥ ಮಾತ್ರ ಹೊಸದು. 2005-06ರ ಸಾಲಿನಲ್ಲಿ ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಗುರುತು, ಅಂದರೆ ಜಿಐ ಸಿಕ್ಕಿತು. ಬೇರೆ ಊರಿನವರು ಆ ಹೆಸರು ಹಾಕಿಕೊಂಡು ಮಾರುವ ಹಾಗಿಲ್ಲ. 2020ರಲ್ಲಿ ಹೊರದೇಶದ ಆಟಿಕೆಗಳ ಮೇಲಿನ ಸುಂಕವನ್ನು ಸರ್ಕಾರ ಶೇ. 20ರಿಂದ 60ಕ್ಕೆ ಏರಿಸಿತು.

ಇಲ್ಲಿ ಒಂದು ಮಾತು, ಬಣ್ಣ ಹಚ್ಚುವ ಕೆಲಸಕ್ಕೆ ಹೋಗುವ ತಂಗಿಯರು ಕಿವಿಗೊಟ್ಟು ಕೇಳಿ. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಆದರೆ ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ಹೆಸರು ನೋಂದಾಯಿಸಿದ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗೆ ವಿನಾಯಿತಿ ಕೊಟ್ಟರು. ನೀವು ಹತ್ತು ವರ್ಷ ಬಣ್ಣ ಹಚ್ಚಿದ್ದರೂ ಕುಶಲಕರ್ಮಿ ಗುರುತಿನ ಚೀಟಿ ಯಜಮಾನರ ಹೆಸರಲ್ಲೇ ಇದ್ದರೆ, ಸರ್ಕಾರದ ಲೆಕ್ಕದಲ್ಲಿ ನೀವು ಕುಶಲಕರ್ಮಿ ಅಲ್ಲ. ನಿಮ್ಮ ಹೆಸರಿನಲ್ಲಿ ಕಾರ್ಡು ಮಾಡಿಸಿಕೊಳ್ಳಿ.

ಹೊಸದು ಅಂದ ಕೂಡಲೇ ದೊಡ್ಡ ಯಂತ್ರ, ಇಂಗ್ಲಿಷು ಅಂತ ಹೆದರಬೇಡಿ. ಪಕ್ಕದ ಮದ್ದೂರು ನೋಡಿ. ಸುಮಾರು ನೂರು ವರ್ಷದ ಹಿಂದೆ ಅಲ್ಲಿನ ರೈಲ್ವೆ ಸ್ಟೇಷನ್ನಿನಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಅನ್ನುವವರು, ರೈಲು ಬೇಗ ಬಂದುಬಿಟ್ಟಾಗ ಹಿಟ್ಟನ್ನು ಕೈಯಲ್ಲಿ ತಟ್ಟಿ ಬೇಗ ಬೇಯುವ ಹಾಗೆ ಮಾಡಿದರಂತೆ. ಅದೇ ಮದ್ದೂರು ವಡೆ ಆಯಿತು ಅಂತ ಹೇಳುತ್ತಾರೆ. ಗಿರಾಕಿಗೆ ಪುರಸೊತ್ತಿಲ್ಲ ಅನ್ನುವುದನ್ನು ಅವರು ಅರಿತರು. ಕೈ ಹಿಡಿದದ್ದು ಅದೇ.

ಈಗ ನಮ್ಮ ಸಂಘದ ಕಥೆ ಹೇಳ್ತೀನಿ, ನಗಬೇಡಿ. ಮೂರು ವರ್ಷದ ಹಿಂದೆ ಮಾವಿನಕಾಯಿ ಕಾಲದಲ್ಲಿ 20 ಕೆ.ಜಿ. ಉಪ್ಪಿನಕಾಯಿ ಹಾಕಿದೆವು. ಮಾವಿನಕಾಯಿ 600 ರೂಪಾಯಿ. ಎಣ್ಣೆ, ಖಾರದ ಪುಡಿ, ಉಪ್ಪು, ಸಾಸಿವೆ ಎಲ್ಲ ಸೇರಿ 1,400. ಒಟ್ಟು 2,000. ಕೆ.ಜಿ.ಗೆ 120 ರೂಪಾಯಿಯಂತೆ ಮಾರಿದೆವು, 2,400 ಬಂತು. 400 ರೂಪಾಯಿ ಲಾಭ ಅಂತ ಖುಷಿಯಾಗಿ ಚಪ್ಪಾಳೆ ತಟ್ಟಿದೆವು.

ಆಮೇಲೆ ನಮ್ಮ ಸಂಘದ ಹಿರಿಯಮ್ಮ ಒಬ್ಬರು ಕೇಳಿದರು: ‘ಅಲ್ಲ ಕಣ್ರಮ್ಮ, ಬಾಟಲಿ ಯಾರಪ್ಪ ಕೊಟ್ಟ?’ ಲೆಕ್ಕ ಹಾಕಿದೆವು. 40 ಬಾಟಲಿಗೆ 480 ರೂಪಾಯಿ. ಗ್ಯಾಸು 150. ಆಟೋ, ಬಸ್ಸು 200. ಇಷ್ಟನ್ನೂ ಒಬ್ಬೊಬ್ಬರು ಕೈಯಿಂದ ಹಾಕಿ ಮರೆತಿದ್ದೆವು. ಇನ್ನು ಕೂಲಿ. ಮೂರು ಜನ ಎರಡು ದಿನ ದುಡಿದಿದ್ದೇವೆ. ದಿನಕ್ಕೆ 300 ಅಂದರೂ 1,800 ಆಯಿತು. ಎಲ್ಲ ಸೇರಿ 4,630 ರೂಪಾಯಿ ಖರ್ಚು. ಬಂದದ್ದು 2,400. ಕೈಬಿಟ್ಟದ್ದು 2,230. ಲಾಭ ಅಂತ ಚಪ್ಪಾಳೆ ತಟ್ಟಿದ್ದು ನಷ್ಟಕ್ಕೆ!

ನಾವು ಯಾವಾಗಲೂ ಮರೆಯುವುದು ನಮ್ಮ ಕೂಲಿಯನ್ನು. ‘ಮನೇಲಿ ಸುಮ್ಮನೆ ಕೂತಿದ್ದೆ, ಮಾಡಿದೆ’ ಅಂತೀವಿ. ಯಾವ ಹೆಂಗಸು ಮನೆಯಲ್ಲಿ ಸುಮ್ಮನೆ ಕೂತಿರುತ್ತಾಳೆ ಹೇಳಿ? ಬೇರೆಯವರ ಹೊಲಕ್ಕೆ ಹೋಗಿದ್ದರೆ ಕೂಲಿ ಕೊಡುತ್ತಿರಲಿಲ್ಲವೇ? ನಿಮ್ಮ ಕೂಲಿಯನ್ನು ನೀವೇ ಲೆಕ್ಕಕ್ಕೆ ಹಿಡಿಯದಿದ್ದರೆ ಗಿರಾಕಿ ಹಿಡಿಯುವುದಿಲ್ಲ.

ಮುಂದಿನ ವರ್ಷ ಅರ್ಧ ಕೆ.ಜಿ. ಬಾಟಲಿಗೆ 140 ಇಟ್ಟೆವು. ಖರ್ಚು ಹೆಚ್ಚುಕಡಿಮೆ ಅಷ್ಟೇ. 40 ಬಾಟಲಿಗೆ 5,600. ನಾವೇ ನೇರವಾಗಿ ಮಾರಿದರೆ ಕೂಲಿ ಕಳೆದು 970 ಉಳಿಯುತ್ತದೆ. ಅಂಗಡಿಗೆ ಹಾಕಿ ಶೇ. 15 ಕಮಿಷನ್ ಕೊಟ್ಟರೆ 840 ಹೋಗಿ, ಉಳಿಯುವುದು ಬರೀ 130. ಅಂಗಡಿಯವರದು ತಪ್ಪಲ್ಲ, ಅವರಿಗೂ ಬಾಡಿಗೆ ಇದೆ. ಆದರೆ ಬೆಲೆ ಇಡುವ ಮೊದಲೇ ಯಾರ ಮೂಲಕ ಮಾರುತ್ತೇವೆ ಅನ್ನುವುದನ್ನು ತೀರ್ಮಾನಿಸಬೇಕು.

‘140 ಅಂದರೆ ನಮ್ಮ ಊರಲ್ಲಿ ಯಾರು ತಗೋತಾರೆ?’ ಅಂತ ಕೇಳಬಹುದು. ಯಾರೂ ತಗೋಳಲ್ಲ. ಊರಲ್ಲಿ ಎಲ್ಲರ ಮನೆಯಲ್ಲೂ ಉಪ್ಪಿನಕಾಯಿ ಇದೆ! ಬೆಂಗಳೂರಿನಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಅದು ಬೇಕು. ನಮ್ಮೂರಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ಎಷ್ಟು ಜನ ಇದ್ದಾರೆ! ನಮ್ಮ ಮೊದಲ ಹತ್ತು ಬಾಟಲಿ ಹೋದದ್ದು ಹಾಗೆ ಹೋಗುವ ಸದಸ್ಯರೊಬ್ಬರ ಮಗಳ ಕೈಯಲ್ಲಿ, ಅವಳ ಆಫೀಸಿಗೆ. ಅಲ್ಲಿಂದ ವಾಟ್ಸಾಪಿನಲ್ಲಿ ಕೇಳಿಕೆ ಬಂತು. ಹಣ ಫೋನ್‌ಪೇಗೆ ಬಂತು, ಉದ್ರಿ ಮಾತೇ ಇಲ್ಲ. ಆದರೆ ಆಹಾರ ಪದಾರ್ಥ ಮಾರಬೇಕಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಲೇಬಲಿನ ಮೇಲೆ ಆ ನಂಬರು, ತೂಕ, ಬೆಲೆ, ಮಾಡಿದ ದಿನ, ಎಷ್ಟು ದಿನ ಇಡಬಹುದು, ನಮ್ಮ ವಿಳಾಸ ಬರೆಯಬೇಕು.

ಕನಕಪುರ, ರಾಮನಗರದ ಕಡೆಯ ತಾಯಂದಿರು ರೇಷ್ಮೆ ಸಾಕುತ್ತೀರಿ. ನಾಲ್ಕನೇ ಜ್ವರ ಎದ್ದ ಹುಳಕ್ಕೆ ರಾತ್ರಿ ಎದ್ದು ಸೊಪ್ಪು ಹಾಕುವವರು ಯಾರು? ಹಣ್ಣಾದ ಹುಳ ಆರಿಸಿ ಚಂದ್ರಿಕೆಗೆ ಬಿಡುವವರು ಯಾರು? ನೀವೇ. ರಾಮನಗರದ ಸರ್ಕಾರಿ ಗೂಡಿನ ಮಾರುಕಟ್ಟೆ ದೇಶದಲ್ಲೇ ಹೆಸರಾದದ್ದು. ಅಲ್ಲಿ ನಿಮ್ಮ ಲಾಟ್ ಕೆ.ಜಿ.ಗೆ ಎಷ್ಟಕ್ಕೆ ಹರಾಜಾಯಿತು ಅಂತ ಕೇಳಿದರೆ ಎಷ್ಟು ಜನ ಹೇಳ್ತೀರಿ? ಕೈ ಎತ್ತಿ. ನೋಡಿ, ನಾಲ್ಕೈದು ಕೈ. ಮಾರುಕಟ್ಟೆಗೆ ಒಂದು ಸಲವಾದರೂ ಜೊತೆಯಲ್ಲಿ ಹೋಗಿ, ಚೀಟಿ ನೋಡಿ. ಯಾವ ಗೂಡಿಗೆ ಹೆಚ್ಚು ಬೆಲೆ, ಯಾವುದಕ್ಕೆ ಕಡಿಮೆ ಅಂತ ತಿಳಿದರೆ ಮುಂದಿನ ಬೆಳೆಯಲ್ಲಿ ಏನು ಸರಿಪಡಿಸಬೇಕು ಅನ್ನುವುದು ಹೊಳೆಯುತ್ತದೆ. ಹರಾಜಿಗೆ ಹೋಗದ ತೂತಾದ ಗೂಡಿನಿಂದ ಹಾರ, ಹೂವು, ಬೊಕೆ ಮಾಡುವವರೂ ಇದ್ದಾರೆ.

ಕೊನೆಯದಾಗಿ ಸಾಲದ ಮಾತು. ವ್ಯಾಪಾರ ಶುರು ಮಾಡಬೇಕು ಅಂತ ಮೊದಲು ಸಾಲ ತೆಗೆದು, ಆಮೇಲೆ ಗಿರಾಕಿ ಹುಡುಕುವುದು ಬೇಡ. ಮೊದಲು ಸಂಘದ ಆಂತರಿಕ ಸಾಲದಲ್ಲಿ ಸಣ್ಣದಾಗಿ ಮಾಡಿ. ಒಂದು ಸಲ ತಗೊಂಡವರು ಮತ್ತೆ ಕೇಳಿಕೊಂಡು ಬಂದರೆ ಆವಾಗ ಬ್ಯಾಂಕಿಗೆ ಹೋಗಿ. ಒಂದು ಕಿರುಸಾಲ ತೀರಿಸಲು ಇನ್ನೊಂದು ಕಿರುಸಾಲ ತೆಗೆದು ಊರು ಬಿಟ್ಟವರನ್ನು ನಾವೇ ನೋಡಿದ್ದೇವೆ. ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ನಮ್ಮ ರಾಜ್ಯದಲ್ಲಿ ಕಾನೂನೇ ತರಬೇಕಾಯಿತು. ಕಾನೂನು ಕಿರುಕುಳ ತಡೆಯಬಹುದು, ಮಾರಾಟವಾಗದೆ ಉಳಿದ ಪದಾರ್ಥವನ್ನು ಮಾರಿಕೊಡುವುದಿಲ್ಲ. ಇನ್ನೊಂದು, ಉದ್ಯಮ್ ನೋಂದಣಿಗೆ ಸರ್ಕಾರ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ. ಫೀಸು ಕಟ್ಟಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಮುಂದಿನ ವಾರದ ಸಭೆಯಲ್ಲಿ ಪ್ರತಿ ಸಂಘ ಮೂರು ಕೆಲಸ ಮಾಡಬೇಕು ಅಂತ ಕೇಳಿಕೊಳ್ಳುತ್ತೇನೆ. ಒಂದು, ಈಗ ಮಾಡುತ್ತಿರುವ ಒಂದು ಪದಾರ್ಥದ ಪೂರಾ ಖರ್ಚನ್ನು ನಿಮ್ಮ ಕೂಲಿ ಸೇರಿಸಿ ನಿರ್ಣಯ ಪುಸ್ತಕದಲ್ಲಿ ಬರೆಯಿರಿ. ಎರಡು, ನಿಮ್ಮ ಊರಿನ ಹೊರಗಿನ ಹತ್ತು ಗಿರಾಕಿಗಳ ಹೆಸರು ಪಟ್ಟಿ ಮಾಡಿ. ಮೂರು, ಅವರಲ್ಲಿ ಇಬ್ಬರನ್ನಾದರೂ ‘ನಿಮಗೆ ಏನು ಬೇಕು?’ ಅಂತ ಕೇಳಿ, ಅವರು ಹೇಳಿದ್ದನ್ನು ಬರೆದುಕೊಂಡು ಬನ್ನಿ.

ರಸ್ತೆ ಎತ್ತ ತಿರುಗಬೇಕು ಅನ್ನೋದು ನಮ್ಮ ಕೈಯಲ್ಲಿಲ್ಲ. ಬುಟ್ಟಿ ಹೊತ್ತು ಎತ್ತ ಹೋಗಬೇಕು ಅನ್ನೋದು ನಮ್ಮ ಕೈಯಲ್ಲಿದೆ.  ಊಟ ಮಾಡಿಕೊಂಡೇ ಹೋಗಿ, ನಾಲ್ಕು ಗಂಟೆಯ ಬಸ್ಸಿಗೆ ಇನ್ನೂ ಹೊತ್ತಿದೆ.