ಒಂದು ಗದ್ದೆಯಾದರೂ ಉಳಿಯಲಿ
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಭಾಷಣಗಾರನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಗದ್ದೆಗೆ ಇಳಿದವನು.

ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನ್ಮದಿನ. ನಮ್ಮ ದಕ್ಷಿಣ ಕನ್ನಡದ ಕ್ರೈಸ್ತರಿಗೆ ಅದೇ ತೆನೆಹಬ್ಬ, ಮೊಂತಿ ಹಬ್ಬ. ಒಂಬತ್ತು ದಿನ ಮಕ್ಕಳು ಇಗರ್ಜಿಗೆ ಹೂ ತರುತ್ತಾರೆ. ಹಬ್ಬದಂದು ಗುರುಗಳು ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ. ಅದರ ಕಾಳು ಸುಲಿದು, ತೆಂಗಿನ ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಅಂದು ಮೀನು, ಮಾಂಸ ಇಲ್ಲ. ನೆರೆಯ ಹಿಂದೂ ಬಂಧುಗಳೂ ಹೊಸ ತೆನೆ ತಂದು ಬಾಗಿಲಿಗೆ ಕಟ್ಟುತ್ತಾರೆ.

ನಾನು ಚಿಕ್ಕವನಿದ್ದಾಗ ನಮ್ಮ ಏಣೆಲು ಗದ್ದೆಯಿಂದಲೇ ಇಗರ್ಜಿಗೆ ತೆನೆ ಹೋಗುತ್ತಿತ್ತು. ಆಳು ಸಿಗುವುದಿಲ್ಲ, ಭತ್ತಕ್ಕೆ ಕ್ರಯ ಇಲ್ಲ ಎಂದು ನಾನೇ ಆ ಗದ್ದೆಗೆ ಅಡಿಕೆ ಇಟ್ಟೆ. ಸಾಲ ಕೊಟ್ಟದ್ದು ಇದೇ ಸಂಘ, ತೀರಿದ್ದೂ ಅಡಿಕೆಯಿಂದಲೇ. ಅದು ತಪ್ಪು ಎನ್ನಲಾರೆ. ಆದರೆ ಕಳೆದ ವರ್ಷ ತೆನೆಗಾಗಿ ಪಕ್ಕದ ಊರಿಗೆ ಹೋದಾಗ ಅಲ್ಲಿಯ ಅಜ್ಜ ಒಬ್ಬರು ಕೇಳಿದರು, "ನಿಮ್ಮ ಬೈಲು ಎಲ್ಲಿ ಹೋಯ್ತು ಮಾರಾಯ್ರೆ?" ನನ್ನಲ್ಲಿ ಉತ್ತರ ಇರಲಿಲ್ಲ.

1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಒಬ್ಬನಿಂದ ಆಗದ್ದು ಹತ್ತು ಮಂದಿಯಿಂದ ಆಗುತ್ತದೆ, ಸಹಕಾರ ಎಂದರೆ ಇಷ್ಟೇ. ಹಡಿಲು ಬಿದ್ದ ಒಂದು ಗದ್ದೆಗೆ ಎಲ್ಲರೂ ಸೇರಿ ನೇಜಿ ನೆಡೋಣ. ತೆನೆ ಇಗರ್ಜಿಗೂ ಹೋಗಲಿ, ದೇವಸ್ಥಾನಕ್ಕೂ ಹೋಗಲಿ. ನನ್ನ ಲೆಕ್ಕದಲ್ಲಿ ಎರಡು ದಿನದ ಕೆಲಸ ಈಗಲೇ ಬರೆದುಕೊಳ್ಳಿ.