ಕಣ್ಣು ಮುಚ್ಚಿ ನಂಬುವ ಜೊತೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಜನಕ್ಕೆ ನೀರೆಂದರೆ ಕೆರೆ, ಕೊಳವೆಬಾವಿ. ಕಡಲು ದೂರ. ಆದರೂ ರಾತ್ರಿ ಪಂಪ್‌ಸೆಟ್ಟಿನ ಕರೆಂಟಿಗೆ ಕಾಯುವ ರೈತನಿಗೆ ಸರದಿ ಕಾವಲು ಹೊಸದಲ್ಲ. ಹಾಯಿದೋಣಿಯ ದೂರಯಾನವೂ ನಿಂತಿರುವುದು ಅದರ ಮೇಲೆಯೇ.

2024ರ ಅಕ್ಟೋಬರ್ 2ರಂದು ನೌಕಾಪಡೆಯ ಅಧಿಕಾರಿಗಳಾದ ದಿಲ್ನಾ ಮತ್ತು ರೂಪಾ, 56 ಅಡಿಯ 'ತಾರಿಣಿ'ಯಲ್ಲಿ ಗೋವಾದಿಂದ ಭೂಪ್ರದಕ್ಷಿಣೆಗೆ ಹೊರಟರು. ಮೂರನೆಯವರಿರಲಿಲ್ಲ. ಒಬ್ಬರು ಮಲಗಿದರೆ ಇನ್ನೊಬ್ಬರು ಗಾಳಿ, ಹಾಯಿ, ದಿಕ್ಕು ನೋಡಬೇಕು. ಇಂಥ ಜೊತೆ ಒಂದೇ ದಿನದಲ್ಲಿ ಸಿಕ್ಕದು. ಅವರು ಮೂರು ವರ್ಷ ತರಬೇತಿ ಪಡೆದಿದ್ದರು; ಅದೇ ವರ್ಷ ಇಬ್ಬರೇ ಮಾರಿಷಸ್‌ಗೆ ಹೋಗಿ ಬಂದಿದ್ದರು. 2025ರ ಮೇ 29ರಂದು ಗೋವಾಕ್ಕೆ ಮರಳಿದರು.

ಹಾಯಿ ಕಟ್ಟುವುದನ್ನು ಯಾರಿಗೂ ಕಲಿಸಬಹುದು. ದೋಣಿಯನ್ನು ಒಪ್ಪಿಸಿ ನಿಶ್ಚಿಂತೆಯಿಂದ ನಿದ್ರಿಸುವಷ್ಟು ನಂಬಿಕೆ ಮಾತ್ರ ಜೊತೆಯಾಗಿ ದುಡಿದೇ ಬರಬೇಕು.