ಬಣ್ಣದ ಮಂಜಿಗೊಂದು ಗೂಡು

ನಿವೃತ್ತರಿಗೆ ನಿರುಪದ್ರವಿಯಾದ ಹವ್ಯಾಸವೊಂದು ಇರಬೇಕೆಂದು ಹಿತೈಷಿಗಳು ಹೇಳುವುದುಂಟು. ನಾನು ಆರಿಸಿಕೊಂಡದ್ದು ವಿಮಾನಗಳ ಪುಟ್ಟ ಮಾದರಿಗಳನ್ನು ಕಟ್ಟುವ ಕೆಲಸ. ಇದಕ್ಕಿಂತ ಸಾಧುವಾದ ಹವ್ಯಾಸ ಮತ್ತೊಂದಿಲ್ಲವೆಂದೇ ನಂಬಿದ್ದೆ. ಆ ನಂಬಿಕೆ ಹೇಗೆ ಸಡಿಲವಾಯಿತೆಂಬುದನ್ನು ಈ ಹೊತ್ತು ತಮ್ಮೊಡನೆ ಹೇಳಿಕೊಳ್ಳಬೇಕೆನಿಸಿದೆ.

ನಾನು ಕಟ್ಟಲು ಹೊರಟದ್ದು ಎಚ್.ಎಫ್. 24 ಮಾರುತ್ ವಿಮಾನವನ್ನು. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡು, 1961ರ ಜೂನ್ 17ರಂದು ಮೊದಲ ಬಾರಿಗೆ ಆಕಾಶಕ್ಕೇರಿದ ಯುದ್ಧವಿಮಾನ ಅದು. ನಮ್ಮಣ್ಣನವರು ಯೌವನದಲ್ಲಿ ಅದರ ಎಂಜಿನ್ನಿಗೆ ಗಾಳಿ ಒದಗಿಸುವ ಭಾಗದ ಜೋಡಣೆಯಲ್ಲಿ ದುಡಿದವರು. ಈಗ ಎಂಬತ್ತರ ಅಂಚಿನಲ್ಲಿದ್ದಾರೆ; ಉಬ್ಬಸವೂ ಇದೆ. ಪ್ರತಿದಿನ ಸಂಜೆ ಬಂದು ನನ್ನ ಮೇಜಿನ ಪಕ್ಕದಲ್ಲಿ ಕೂರುವರು. ಸುಮಾರು ಹದಿನಾರು ಮೀಟರು ಉದ್ದದ ವಿಮಾನ, ಎಪ್ಪತ್ತೆರಡರಲ್ಲಿ ಒಂದು ಪಾಲಿಗೆ ಇಳಿದು, ಇಪ್ಪತ್ತೆರಡು ಸೆಂಟಿಮೀಟರಾಗಿ ನನ್ನ ಅಂಗೈಯಲ್ಲಿ ಕೂತಾಗ ಅವರ ಕಣ್ಣಿನಲ್ಲಿ ಕಂಡ ಬೆಳಕನ್ನು ವರ್ಣಿಸುವ ಶಕ್ತಿ ನನಗಿಲ್ಲ.

ಬಣ್ಣ ಹಚ್ಚುವ ಸರದಿ ಬಂತು. ಕುಂಚದ ಗೆರೆ ಇಷ್ಟು ಸಣ್ಣ ಮಾದರಿಯ ಮೇಲೆ ಗದ್ದೆಯ ಬದುವಿನಂತೆ ಎದ್ದು ಕಾಣುತ್ತದೆ. ಆದ್ದರಿಂದ ಏರ್ ಬ್ರಷ್ ತಂದೆ. ಇದು ಲೇಖನಿಯಂತೆ ಹಿಡಿಯುವ ಪುಟ್ಟ ಉಪಕರಣ. ಕಂಪ್ರೆಸರಿನಿಂದ ಬರುವ ಗಾಳಿ, ಹಾಲಿನಷ್ಟು ತೆಳುವಾದ ಬಣ್ಣವನ್ನು ಮಂಜಾಗಿ ಒಡೆದು ಹರಡುತ್ತದೆ. ಆದರೆ ಆ ಮಂಜೆಲ್ಲ ಮಾದರಿಯ ಮೇಲೆಯೇ ಕೂರುವುದಿಲ್ಲ. ಉಳಿದದ್ದು ಕೋಣೆಯಲ್ಲಿ ಅಲೆಯುತ್ತದೆ. ಜೊತೆಗೆ ಥಿನ್ನರಿನ ಆವಿ. ಮೊದಲೆರಡು ದಿನ ಅಣ್ಣ ಕೆಮ್ಮಿದರು. ಮೂರನೆಯ ದಿನ ಬರಲಿಲ್ಲ. ಮೊಣಕಾಲು ನೋವೆಂದು ಹೇಳಿಕಳಿಸಿದರು. ಆ ನೋವು ಇಪ್ಪತ್ತು ದಿನವಾದರೂ ಇಳಿಯದಿದ್ದಾಗ, ನೋವು ಮೊಣಕಾಲಿನದಲ್ಲವೆಂದು ನನ್ನ ಹೆಂಡತಿಯೇ ತಿಳಿಯಹೇಳಬೇಕಾಯಿತು.

ಸ್ಪ್ರೇ ಬೂತ್ ಎಂಬ ಗೂಡನ್ನು ಕಟ್ಟುವ ಯೋಚನೆ ಬಂದದ್ದು ಆಗ. ಮುಂಭಾಗ ತೆರೆದಿರುವ ಒಂದು ಪೆಟ್ಟಿಗೆ. ಹಿಂಭಾಗದಲ್ಲಿ ಫಿಲ್ಟರ್, ಅದರಾಚೆ ಫ್ಯಾನು, ಅಲ್ಲಿಂದ ಕಿಟಕಿಯಾಚೆಗೆ ಕೊಳವೆ. ರೂಪ ಇಷ್ಟೇ, ಗುಟ್ಟೆಲ್ಲ ಗಾಳಿಯ ಲೆಕ್ಕದಲ್ಲಿದೆ. ಗೂಡಿನ ಬಾಯಲ್ಲಿ ಗಾಳಿ ನಿಮಿಷಕ್ಕೆ ಸುಮಾರು ನೂರು ಅಡಿ ವೇಗದಲ್ಲಿ ಒಳಸರಿದರೆ ಮಂಜು ಹಿಂದಿರುಗದು. ನನ್ನ ಗೂಡಿನ ಬಾಯಿ ಎರಡಡಿ ಅಗಲ, ಒಂದೂವರೆ ಅಡಿ ಎತ್ತರ, ಅಂದರೆ ಮೂರು ಚದರಡಿ. ಹಾಗಾಗಿ ನಿಮಿಷಕ್ಕೆ ಮುನ್ನೂರು ಘನ ಅಡಿ ಗಾಳಿ ಬೇಕು. ಫ್ಯಾನಿನ ಪೆಟ್ಟಿಗೆಯ ಮೇಲೆ ಮುದ್ರಿಸಿದ ಅಂಕಿಯನ್ನು ಮಾತ್ರ ನಂಬಬಾರದು. ಅದು ಎದುರಿಗೆ ಯಾವ ಅಡ್ಡಿಯೂ ಇಲ್ಲದ ಸ್ಥಿತಿಯ ಅಂಕಿ. ಫಿಲ್ಟರು, ಕೊಳವೆ, ಕೊಳವೆಯ ಒಂದೊಂದು ತಿರುವು, ಎಲ್ಲವೂ ತಮ್ಮ ಪಾಲನ್ನು ಮುರಿದುಕೊಳ್ಳುತ್ತವೆ, ಹಳೆಯ ಕಾಲದ ಕಂದಾಯದ ಹಾಗೆ.

ಇನ್ನೊಂದು ಸಂಗತಿ. ಫಿಲ್ಟರು ಬಣ್ಣದ ಕಣವನ್ನು ಹಿಡಿಯುತ್ತದೆಯೇ ಹೊರತು ಆವಿಯನ್ನಲ್ಲ. ಆವಿ ಹೊರಕ್ಕೇ ಹೋಗಬೇಕು. ಥಿನ್ನರಿನ ಆವಿಗೆ ಕಿಡಿ ತಾಗಿದರೆ ಬೆಂಕಿ ಹೊತ್ತೀತು. ಆದ್ದರಿಂದ ಓಡುವಾಗ ಕಿಡಿಯುಗುಳುವ, ಇಂಗಾಲದ ಬ್ರಷ್ಷುಗಳಿರುವ ಮೋಟಾರು ಆ ಗಾಳಿಯ ದಾರಿಯಲ್ಲಿ ಇರಲೇಕೂಡದು. ಮೂಗಿಗೆ ಕಟ್ಟಿದ ಕರವಸ್ತ್ರದಿಂದ ಏನೂ ಆಗದು. ಕ್ರಿಯಾಶೀಲ ಇಂಗಾಲದ ಡಬ್ಬಿಯಿರುವ ಮುಖವಾಡವೇ ಬೇಕು, ಗೂಡಿದ್ದರೂ ಬೇಕು.

ಬಡಗಿ ಪ್ಲೈವುಡ್ಡಿನಲ್ಲಿ ಗೂಡು ಮಾಡಿಕೊಟ್ಟ. ಥಿನ್ನರಿನ ಶೀಶೆಗಳನ್ನೆಲ್ಲ ಹೊರಗೆ ಸಾಗಿಸಿ, ಕೋಣೆಯ ವಾಸನೆ ಪೂರ್ತಿ ಹೋದಮೇಲೆ, ಊದುಬತ್ತಿ ಹಚ್ಚಿ ಗೂಡಿನ ಬಾಯಿಗೆ ಹಿಡಿದೆ. ಹೊಗೆ ಒಳಗೆ ಹೋದಂತೆ ಮಾಡಿ, ತಿರುಗಿ ನನ್ನ ಮುಖಕ್ಕೇ ಬಂತು. ಹನ್ನೆರಡು ಅಡಿ ಕೊಳವೆಯನ್ನು ಕತ್ತರಿಸಿ ನಾಲ್ಕಡಿ ಮಾಡಿದೆ. ಮೂರು ತಿರುವುಗಳಲ್ಲಿ ಎರಡನ್ನು ತೆಗೆದೆ. ಸುಧಾರಿಸಿತು, ಸಾಲಲಿಲ್ಲ.

ಕೊನೆಗೆ ಸಂಕೋಚ ಬಿಟ್ಟು ಅಣ್ಣನವರನ್ನೇ ಕರೆತಂದೆ. ಅವರು ಗೂಡನ್ನು ನೋಡಲಿಲ್ಲ, ಫ್ಯಾನನ್ನೂ ನೋಡಲಿಲ್ಲ. ವಾಸನೆ ಮನೆಗೆ ಹರಡದಿರಲೆಂದು ನಾನು ಭದ್ರವಾಗಿ ಮುಚ್ಚಿದ್ದ ಬಾಗಿಲನ್ನು ನೋಡಿದರು.

"ಎಂಜಿನ್ನಿನ ಬಾಯಿ ಮುಚ್ಚಿಟ್ಟು ಹಿಂದೆ ಬೆಂಕಿ ಬರಲಿಲ್ಲ ಅಂತೀಯಲ್ಲೋ! ಹೊರಗೆ ಹೋಗೋಕೆ ಒಳಗೆ ಗಾಳಿ ಬರೋದು ಬೇಡವೇನೋ?"

ಬಾಗಿಲನ್ನು ನಾಲ್ಕು ಬೆರಳು ತೆರೆದರು. ಊದುಬತ್ತಿಯ ಹೊಗೆ ದಾರದಂತೆ ನೆಟ್ಟಗೆ ಗೂಡಿನೊಳಗೆ ಸರಿಯಿತು. ನಾಲ್ಕು ವಾರಗಳ ನನ್ನ ಲೆಕ್ಕಾಚಾರದಲ್ಲಿ ಬಾಗಿಲಿಗೆ ಜಾಗವೇ ಇರಲಿಲ್ಲ.

ಕೊಳವೆಯ ತುದಿ ಪಕ್ಕದ ಮನೆಯವರು ಬಟ್ಟೆ ಒಣಹಾಕುವ ತಂತಿಯ ಕಡೆಗಿತ್ತು. ಅವರು ಬಾಯಿಬಿಟ್ಟು ಹೇಳುವ ಮುಂಚೆಯೇ ಅದನ್ನು ಮೇಲ್ಮುಖವಾಗಿ ತಿರುಗಿಸಿ, ಮಳೆಗೆ ತಗಡಿನ ಟೋಪಿ ಹಾಕಿಸಿದೆ. ಮಳೆಗಾಲದ ತೇವದಲ್ಲಿ ಲ್ಯಾಕರ್ ಬಣ್ಣ ಬೂದಿ ಬಳಿದಂತೆ ಬಿಳಿಚಿಕೊಳ್ಳುತ್ತದೆ. ಹಾಗಾಗಿ ಜೋರು ಮಳೆಯ ದಿನ ಕೆಲಸಕ್ಕೆ ರಜೆ.

ಅಣ್ಣನವರು ಈಗ ಮತ್ತೆ ಬರುತ್ತಿದ್ದಾರೆ. ಬಣ್ಣ ಸಿಂಪಡಿಸುವಷ್ಟು ಹೊತ್ತು, ಮುಗಿದಮೇಲೆ ಫ್ಯಾನು ಇನ್ನೂ ಕಾಲು ಗಂಟೆ ಓಡುವಷ್ಟು ಹೊತ್ತು, ಹಜಾರದಲ್ಲಿಯೇ ಕುಳಿತಿರಬೇಕೆಂಬುದು ನನ್ನ ಹೆಂಡತಿಯ ಕಟ್ಟಪ್ಪಣೆ. ಆಮೇಲೆ ಒಳಗೆ ಬಂದು, ಕನ್ನಡಕ ಏರಿಸಿ, ಮಾದರಿಯನ್ನು ಬೆಳಕಿಗೆ ಹಿಡಿಯುತ್ತಾರೆ. ರೆಕ್ಕೆಯ ಹಸಿರು ಗಾಢವಾಯಿತೆಂದು ಮೊನ್ನೆ ಅವರ ಆಕ್ಷೇಪಣೆ. ಭಾನುವಾರ ಬಿಸಿಲಿದ್ದರೆ ತಿದ್ದಬೇಕು.